ಕನ್ನಡಿ ಮೇಷ್ಟ್ರ ಜಗುಲಿ

ಕನ್ನಡಿ ಮೇಷ್ಟ್ರು ತೀರಿಕೊಂಡರೆಂದು ಹೋದ ವಾರ ಚಾಮರಾಜಪೇಟೆಯ ತರಕಾರಿ ಅಂಗಡಿಯಲ್ಲಿ ಯಾರೋ ಹೇಳಿದರು. ಎಪ್ಪತ್ತರ ಹತ್ತಿರ ವಯಸ್ಸು. ಬೆಳಿಗ್ಗೆ ಉಪ್ಪಿಟ್ಟು ತಿಂದು, ಅದಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ಹೆಂಡತಿಗೆ ಹೇಳಿ, ಜಗುಲಿಗೆ ಬಂದು ಕೂತವರು ಹಾಗೇ ಹೋದರಂತೆ. ಬದನೆಕಾಯಿ ಆರಿಸುತ್ತಿದ್ದ ನಾನು ಅದನ್ನು ಬಿಟ್ಟು ಎಡಗೆನ್ನೆ ಮುಟ್ಟಿಕೊಂಡೆ. ಈ ಕೆನ್ನೆ ಇವತ್ತು ಅಲ್ಲಾಡುತ್ತಿದ್ದರೆ ಅದಕ್ಕೆ ಅವರೇ ಕಾರಣ. ಹೀಗೆ ಬರೆದದ್ದು ಅವರಿಗೆ ಗೊತ್ತಾಗಿದ್ದರೆ ಬೈಯುತ್ತಿದ್ದರು. "ನಾನೇನಯ್ಯಾ ಮಾಡ್ದೆ? ಹಾಳು ಮಾಡೋರನ್ನ ದೂರ ಇಟ್ಟೆ, ಅಷ್ಟೇ" ಎನ್ನುವುದು ಅವರ ಮಾತು.

ಅವರ ನಿಜವಾದ ಹೆಸರು ಬೇಡ. ಹೆಸರಿನಿಂದ ಅವರನ್ನು ಕರೆದವರನ್ನು ನಾನು ನೋಡಿಯೇ ಇಲ್ಲ. ಹಾಗೆ ನೋಡಿದರೆ ಅವರು ಮೇಷ್ಟ್ರೂ ಅಲ್ಲ. ಪೇಟೆಯಲ್ಲಿ ತಲೆತಲಾಂತರದಿಂದ ರೇಷ್ಮೆ ನೂಲಿನ ವ್ಯಾಪಾರ ಮಾಡಿದ ಮನೆತನದವರು. ಅಂಗಡಿಯನ್ನು ಅಣ್ಣಂದಿರಿಗೆ ಬಿಟ್ಟು, ಆಸ್ಪತ್ರೆಯೊಂದರ ಕರೆಂಟಿನ ಕೋಣೆಯಲ್ಲಿ ಸಹಾಯಕರಾಗಿ ಸೇರಿಕೊಂಡರು. ಕೈಕಾಲು ಬಿದ್ದುಹೋದವರಿಗೆ, ಮುಖ ಸೊಟ್ಟಗಾದವರಿಗೆ ಡಾಕ್ಟರು ಹೇಳಿದಷ್ಟು ಸಣ್ಣ ಕರೆಂಟು ಕೊಡುವುದು, ತಿಕ್ಕುವುದು, ವ್ಯಾಯಾಮ ಮಾಡಿಸುವುದು ಅವರ ಕೆಲಸ. ರಿಟೈರಾದ ಮೇಲೂ ಸುಮ್ಮನಿರಲಾಗದೆ, ಚಾಮರಾಜಪೇಟೆಯ ತಮ್ಮ ಮನೆಯ ಜಗುಲಿಯ ಮೇಲೆ ಅರ್ಧ ಡಜನ್ ಕೈಗನ್ನಡಿ ಇಟ್ಟುಕೊಂಡು ಕೂತರು. ಮುಖ ಸೊಟ್ಟಗಾದವರು ಬೆಳಿಗ್ಗೆ ಬಂದು ಒಬ್ಬೊಬ್ಬರು ಒಂದೊಂದು ಕನ್ನಡಿ ಹಿಡಿದುಕೊಂಡು ಕೂರುತ್ತಿದ್ದರು. ರಸ್ತೆಯಲ್ಲಿ ಹೋಗುವವರಿಗೆ ಇದೇನು ಸೋಮಾರಿಗಳ ಕ್ಷೌರದಂಗಡಿಯೋ ಎನ್ನಿಸಬೇಕು, ಹಾಗಿತ್ತು.

ಎಲ್ಲಕ್ಕಿಂತ ಮೋಜೆಂದರೆ, ಮೇಷ್ಟ್ರ ಮುಖವೇ ಸೊಟ್ಟಗಿತ್ತು. ಹಣೆಯ ತುಂಬ ವಿಭೂತಿ, ಅದರ ಕೆಳಗೆ ಎಡಗಡೆ ಮಾತ್ರ ನಗುವ ಮುಖ. ಬಲಗಡೆ ಏನು ನಡೆದರೂ ನನಗೆ ಸಂಬಂಧವಿಲ್ಲ ಎನ್ನುವ ಹಾಗೆ ಸುಮ್ಮನಿರುತ್ತಿತ್ತು. ಬಲಗಣ್ಣು ಮಸುಕು, ಸದಾ ನೀರು. ಮೊದಲ ದಿನ ಅವರನ್ನು ನೋಡಿ ನನ್ನ ಆಸೆಯೇ ಬತ್ತಿಹೋಯಿತು. ತಮ್ಮ ಮುಖವನ್ನೇ ಸರಿಮಾಡಿಕೊಳ್ಳದವರು ನನ್ನದನ್ನು ಏನು ಸರಿಮಾಡುತ್ತಾರೆ ಎಂದುಕೊಂಡೆ. ಅದು ಅವರಿಗೆ ಗೊತ್ತಾಯಿತು. ಎಲ್ಲರೂ ಮೊದಲ ದಿನ ಹಾಗೇ ಅಂದುಕೊಳ್ಳುತ್ತಿದ್ದರಂತೆ.

"ನಂದು ಬಲಗಡೆ ಹೋಗಿದೆ, ನಿಂದು ಎಡಗಡೆ ಹೋಗಿದೆ" ಎಂದರು. "ಇಬ್ರೂ ಒತ್ತಿ ಕೂತ್ರೆ ಒಂದು ಪೂರ್ತಿ ಮುಖ ಆಗುತ್ತೆ. ಬಾ, ಕೂತ್ಕೊ."

ನನಗೆ ಆಗ ಇಪ್ಪತ್ತಮೂರು. ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿ ಸೇರಿ ವರ್ಷವೂ ತುಂಬಿರಲಿಲ್ಲ, ಕೆಲಸ ಖಾಯಂ ಆಗಿರಲಿಲ್ಲ. ಚಿಕ್ಕಂದಿನಿಂದ ಸೋರುತ್ತಿದ್ದ ಎಡಗಿವಿ ಆ ಮಾರ್ಚಿನಲ್ಲಿ ಕೀವು ತುಂಬಿ ಬಾತುಕೊಂಡಿತು. ಕಿವಿಯ ಹಿಂದಿನ ಮೂಳೆಯನ್ನು ಕೆತ್ತಿ ಆಪರೇಷನ್ ಮಾಡಿದರು. ಜೀವ ಉಳಿಯಿತು. ಎಚ್ಚರವಾದ ಮೇಲೆ ಅಮ್ಮ ನನ್ನನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಡಗಣ್ಣು ಮುಚ್ಚುತ್ತಿರಲಿಲ್ಲ, ಎಡಗಡೆಯ ತುಟಿ ಜೋತುಬಿದ್ದಿತ್ತು. ಕೀವು ತುಂಬಿದ ಜಾಗದಲ್ಲೇ ಮುಖದ ನರ ಹಾದುಹೋಗುತ್ತದೆಂದೂ, ಅದು ಜಜ್ಜಿದೆಯೇ ಹೊರತು ಕಡಿದಿಲ್ಲವೆಂದೂ, ಕಾಯಬೇಕೆಂದೂ ಡಾಕ್ಟರು ಹೇಳಿದರು. ಎಷ್ಟು ದಿನ ಎಂದು ಕೇಳಿದರೆ ಅವರು ನನ್ನನ್ನು ಕನ್ನಡಿ ಮೇಷ್ಟ್ರ ಹತ್ತಿರ ಕಳಿಸಿದರು.

ನನಗೆ ಬೇಕಾಗಿದ್ದದ್ದು ಆ ದಿನದ ಲೆಕ್ಕವೇ. ಜೂನಿನಲ್ಲಿ ಸ್ಕೂಲು ತೆರೆಯುವುದರೊಳಗೆ ಬಾಯಿ ನೆಟ್ಟಗಾಗದಿದ್ದರೆ ನನ್ನ ಜಾಗಕ್ಕೆ ಬೇರೆಯವರು ಬರುತ್ತಿದ್ದರು. ನನ್ನ ಬಾಯಲ್ಲಿ 'ಪುಸ್ತಕ' ಎನ್ನುವುದು ಗಾಳಿ ಸೋರಿ 'ಉಸ್ತಕ' ಆಗುತ್ತಿತ್ತು. ತುಟಿ ಕೂಡದವನು ನಲವತ್ತು ಹುಡುಗರ ಎದುರು ಪದ್ಯ ಓದುವುದು ಹೇಗೆ? ಆ ಹುಡುಗರನ್ನು ನಾನು ಬಲ್ಲೆ. ನೆಟ್ಟಗಿದ್ದ ಮುಖಕ್ಕೇ ಅವರು ಮೂರು ಅಡ್ಡಹೆಸರು ಇಟ್ಟಿದ್ದರು.

ಮೇಷ್ಟ್ರು ಒಂದು ಸ್ಲೇಟು ತೆಗೆದುಕೊಂಡು ತಲೆಯ ಚಿತ್ರ ಬರೆದರು. ಅದು ತಲೆಗಿಂತ ಹೆಚ್ಚಾಗಿ ಹಲಸಿನಹಣ್ಣಿನ ಹಾಗಿತ್ತು.

"ಇಲ್ಲಿ, ಮಿದುಳಿನ ಬುಡದಲ್ಲಿ, ಸಣ್ಣ ಸಣ್ಣ ಜೀವಕಣ ಇದಾವೆ. ಒಂದೊಂದು ಕಣದಿಂದ ಒಂದೊಂದು ಎಳೆ ಹೊರಟು, ಕಿವಿ ಹಿಂದೆ ಹಾದು, ಕೆನ್ನೆಗೆ ಬರುತ್ತೆ. ಇದು ನಮ್ಮ ಅಂಗಡಿ ರೇಷ್ಮೆ ಅಲ್ಲ, ಕಡಿದ ಕಡೆ ಗಂಟು ಹಾಕೋದಕ್ಕೆ. ನಿನ್ನ ಎಳೆ ಜಜ್ಜಿ ಹೋಗಿದೆ. ಒಳಗೆ ಕಣ ಬದುಕಿದ್ರೆ ಹೊಸಾ ಎಳೆ ತಾನಾಗೇ ಬೆಳ್ಕೊಂಡು ಬರುತ್ತೆ. ಬಸವನಹುಳ ಅದಕ್ಕಿಂತ ಅವಸರದ್ದು."

"ಆ ಕಣಕ್ಕೆ ಏನು ಕೊಡಬೇಕು ಮೇಷ್ಟ್ರೇ?"

"ನಿದ್ದೆ ಕೊಡು. ಊಟ ಕೊಡು. ಬೇರೆಯವರ ಕೈಗೆ ಮಾತ್ರ ಕೊಡ್ಬೇಡ."

ಅವರ ವೈದ್ಯವೆಲ್ಲ ಇಷ್ಟೇ, ಕಾವಲು ಕಾಯುವುದು. ಮುಚ್ಚದ ಕಣ್ಣಿಗೆ ಡಾಕ್ಟರು ಕೊಟ್ಟ ಹನಿ ಹಾಕಿಕೊಂಡು, ಹೊರಗೆ ಹೋಗುವಾಗ ಕಪ್ಪು ಕನ್ನಡಕ ಹಾಕಬೇಕು, ಮಲಗುವಾಗ ರೆಪ್ಪೆಯನ್ನು ಬೆರಳಿನಿಂದ ಮುಚ್ಚಿ ಒಗೆದ ಬಟ್ಟೆ ಕಟ್ಟಬೇಕು. ಈ ಒಂದು ವಿಷಯದಲ್ಲಿ ಅವರು ತಮಾಷೆ ಮಾಡುತ್ತಿರಲಿಲ್ಲ. ಯಾರಾದರೂ ಮರೆತು ಬಂದರೆ ತಮ್ಮ ಮಸುಕಾದ ಬಲಗಣ್ಣನ್ನು ಅವರ ಮುಖದ ಹತ್ತಿರ ತಂದು, "ನೋಡ್ಕೊ. ನಂಗೆ ಆಗ ಯಾರೂ ಹೇಳ್ಲಿಲ್ಲ. ಧೂಳು ಹೊಡ್ದು ಹೊಡ್ದು ಹಿಂಗಾಯ್ತು" ಎನ್ನುತ್ತಿದ್ದರು. ಜೋತುಬಿದ್ದ ಕೆನ್ನೆಯನ್ನು ಅಂಟುಪಟ್ಟಿಯಿಂದ ಕಿವಿಯ ಕಡೆಗೆ ಎತ್ತಿ ಕಟ್ಟುತ್ತಿದ್ದರು. ಕಡಲೆಕಾಯಿ ನಿಷೇಧ, ಕೆನ್ನೆಯೊಳಗೆ ಸಿಕ್ಕಿಕೊಳ್ಳುತ್ತದೆ. ಕಡಲೆಕಾಯಿ ಪರಿಷೆ ನಡೆಯುವ ಬಸವನಗುಡಿಯವನಿಗೆ ಅದನ್ನು ಬಿಡು ಎನ್ನುವುದು ಸಣ್ಣ ಶಿಕ್ಷೆಯಲ್ಲ.

ಇನ್ನೊಂದು ಕಟ್ಟಳೆ ನಗುವಿನದು. ನಕ್ಕರೆ ಚೆನ್ನಾಗಿರುವ ಕಡೆ ಬಲವಾಗಿ ಎಳೆದುಕೊಂಡು, ಸೋತ ಕಡೆ ಇನ್ನಷ್ಟು ಜಗ್ಗುತ್ತದೆ. ಆದ್ದರಿಂದ ನಗು ಬಂದಾಗ ಚೆನ್ನಾಗಿರುವ ಕೆನ್ನೆಯನ್ನು ಅಂಗೈಯಿಂದ ಒತ್ತಿ ಹಿಡಿಯಬೇಕು. ಇದನ್ನು ಹೇಳಿಕೊಟ್ಟು, ಮರುಕ್ಷಣವೇ ನಗಿಸಲು ಶುರು ಮಾಡುತ್ತಿದ್ದರು. ತಾವು ಹೆಣ್ಣು ನೋಡಲು ಹೋದ ಕತೆಯನ್ನು ನಾನು ಹತ್ತು ಸಲವಾದರೂ ಕೇಳಿದ್ದೇನೆ.

"ಎಡಗಡೆ ಕಾಣೋ ಹಾಗೆ ಗೋಡೆಗೆ ವಾರೆಯಾಗಿ ಕೂತಿದ್ದೆ. ನಮ್ಮಮ್ಮ ಮನೇಲೇ ಹೇಳ್ಕೊಟ್ಟು ಕರ್ಕೊಂಡು ಬಂದಿದ್ಲು. ಏನ್ಮಾಡ್ತೀಯ, ಆ ಮನೇಲಿ ಅಡುಗೆಮನೆ ಬಲಗಡೆ ಇತ್ತು."

ಆಗ ಒಳಗಿನಿಂದ ಅವರ ಹೆಂಡತಿಯ ದನಿ ಬರುತ್ತಿತ್ತು: "ಎರಡೂ ಕಡೆ ನೋಡೇ ಒಪ್ಕೊಂಡಿದ್ದು. ಬಾಯಿ ಅರ್ಧ ಮಾತ್ರ ಕೆಲಸ ಮಾಡುತ್ತೆ, ಮಾತು ಕಮ್ಮಿ ಇರುತ್ತೆ ಅಂದ್ಕೊಂಡೆ. ಮೋಸ ಹೋದೆ."

ಜಗುಲಿಯ ಮೇಲಿದ್ದ ಎಲ್ಲರ ಕೈಯೂ ಕೆನ್ನೆಗೆ ಹೋಗುತ್ತಿತ್ತು. ನನ್ನ ಪಕ್ಕದಲ್ಲಿ ಪೇಟೆಯ ದಪ್ಪನೆಯ ಬಟ್ಟೆ ವ್ಯಾಪಾರಿಯೊಬ್ಬರು ಕೂರುತ್ತಿದ್ದರು. ಸೊಟ್ಟ ಬಾಯಿಂದ ಸೀರೆಯ ಗುಣಗಾನ ಮಾಡಿದರೆ ಗಿರಾಕಿಗಳು, ಇವರು ತಮ್ಮನ್ನು ಅಣಕಿಸುತ್ತಿದ್ದಾರೆಂದುಕೊಂಡು ಎದ್ದುಹೋಗುತ್ತಾರೆ ಎನ್ನುವುದು ಅವರ ದುಃಖ. ಅದನ್ನು ಹೇಳಿಕೊಂಡು ಅವರೇ ಕೆನ್ನೆ ಹಿಡಿದುಕೊಂಡು ನಗುತ್ತಿದ್ದರು. ಆಸ್ಪತ್ರೆಯಲ್ಲಾಗಲಿ ಮನೆಯಲ್ಲಾಗಲಿ ನನಗೆ ನಗು ಬರುತ್ತಿರಲಿಲ್ಲ. ಅಲ್ಲಿ ಬರುತ್ತಿತ್ತು. ಅದಕ್ಕೇ ನಾನು ದಿನವೂ ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆ.

ಮೇ ತಿಂಗಳು ಮುಗಿಯುತ್ತ ಬಂತು. ಆಗ ನಾನೊಂದು ಪೆದ್ದುತನ ಮಾಡಿದೆ, ಮನೆಯವರೆಲ್ಲ ಸೇರಿ ಮಾಡಿಸಿದರು ಎಂದರೂ ತಪ್ಪಿಲ್ಲ. ಆಪರೇಷನ್ ಆದಾಗಿನಿಂದ ಚಮಚದಲ್ಲೇ ಕುಡಿಯುತ್ತಿದ್ದ ನಾನು ಒಂದು ಬೆಳಿಗ್ಗೆ ಲೋಟದ ತುಂಬ ಕಾಫಿ ಕುಡಿದು ಮುಗಿಸಿದ್ದನ್ನು ಅಜ್ಜಿ ನೋಡಿದಳು. ಅಂಗಿಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. "ವಾಸಿ ಆಯ್ತು ಕಣೋ" ಎಂದಳು. ಅಮ್ಮ ಇನ್ನೊಂದು ಲೋಟ ತಂದು ಕುಡಿಸಿ ನೋಡಿದಳು. ಅದೂ ಚೆಲ್ಲಲಿಲ್ಲ. ಅಪ್ಪ ಪಂಚಾಂಗ ತೆಗೆದು ಒಳ್ಳೆಯ ದಿನ ನೋಡಿ, ಹೆಡ್‌ಮಾಸ್ಟರ ಮನೆಗೆ ಹೋಗಿ ಮುಖ ತೋರಿಸಿ ಬಾ ಎಂದರು. ಕನ್ನಡಿಯಲ್ಲಿ ತುಟಿ ಇನ್ನೂ ಜೋತೇ ಇತ್ತು. ಆದರೆ ಕಾಫಿ ಚೆಲ್ಲಲಿಲ್ಲವಲ್ಲ ಎಂದು ನಾನೂ ನಂಬಿದೆ. ಬೇಕಾದದ್ದನ್ನು ನಂಬುವುದು ಎಷ್ಟು ಸುಲಭ.

ಹೆಡ್‌ಮಾಸ್ಟರು ಇಂಗ್ಲಿಷ್ ನಾಜೂಕಿನ ಮನುಷ್ಯ. ಅವರ ಮನೆಯಲ್ಲಿ ಕಾಫಿ ಬಂದದ್ದು ಕಪ್-ಬಸಿಯಲ್ಲಿ. ಕಪ್ಪನ್ನು ತುಟಿಗೆ ಇಟ್ಟು ಒಂದು ಗುಟುಕು ಎಳೆದೆ. ಅದು ಎಡಗಡೆಯ ಬಾಯಿಂದ ಇಳಿದು, ಗಲ್ಲದ ಮೇಲೆ ಹರಿದು, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಬಿತ್ತು. ಒರೆಸಿಕೊಳ್ಳಲು ಹೋಗಿ ಬಸಿಯನ್ನೂ ಬೀಳಿಸಿದೆ. ಹೆಡ್‌ಮಾಸ್ಟರು ಟವೆಲು ತರಿಸಿಕೊಟ್ಟು, "ನೀವಿನ್ನೂ ಸುಧಾರಿಸ್ಕೊಳ್ಬೇಕು ಕಣ್ರೀ" ಎಂದರು. ಒಳ್ಳೆಯ ದನಿಯಲ್ಲೇ ಹೇಳಿದರು. ಆ ಒಳ್ಳೆಯ ದನಿ ಕೇಳಿಯೇ ನನ್ನ ಕೆಲಸ ಹೋಯಿತೆಂದು ತಿಳಿಯಿತು.

ನಡೆದದ್ದನ್ನು ಕೇಳಿ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮನೇಲಿ ಕಾಫಿ ಹೆಂಗಯ್ಯಾ ಕುಡೀತೀರಿ?" ಎಂದು ಕೇಳಿದರು. ಎತ್ತಿ ಕುಡಿಯುತ್ತೇವೆ ಎಂದೆ. ನಮ್ಮ ಮನೆಯಲ್ಲಿ ಲೋಟಕ್ಕೆ ತುಟಿ ತಗುಲಿದರೆ ಎಂಜಲು. ತಲೆಯನ್ನು ಹಿಂದಕ್ಕೆ ಹಾಕಿ, ಬಾಯಿ ತೆರೆದು, ಮೇಲಿನಿಂದ ಧಾರೆಯಾಗಿ ಸುರಿದುಕೊಳ್ಳುತ್ತೇವೆ. ಹೇಳುತ್ತ ಹೇಳುತ್ತಲೇ ನನಗೆ ಹೊಳೆಯಿತು. ಹಾಗೆ ಕುಡಿಯುವುದಕ್ಕೆ ತುಟಿಯೇ ಬೇಡ. ತುಟಿಯೇ ಇಲ್ಲದವನೂ ಕುಡಿಯಬಹುದು. ನಮ್ಮ ಮನೆಯ ಮೂರು ತಲೆಮಾರಿನವರು ಸೇರಿ ನನ್ನ ಮುಖವನ್ನಲ್ಲ, ನಮ್ಮ ಮಡಿಯನ್ನು ಪರೀಕ್ಷೆ ಮಾಡಿದ್ದೆವು.

ಮೇಷ್ಟ್ರು ನಕ್ಕರು, ನನಗೆ ನಗು ಬರಲಿಲ್ಲ. ಸ್ಕೂಲು ತೆರೆಯಲು ಹತ್ತೇ ದಿನ ಉಳಿದಿತ್ತು. ಕಲಾಸಿಪಾಳ್ಯದ ಬಸ್‌ಸ್ಟ್ಯಾಂಡಿನ ಪಕ್ಕ ಒಬ್ಬ ಕರೆಂಟ್ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಾನೆ, ಹಿಡಿ ತಿರುಗಿಸಿ ಜೋರಾಗಿ ಕರೆಂಟ್ ಹೊಡೆದರೆ ಒಂದೇ ವಾರದಲ್ಲಿ ಮುಖ ನೆಟ್ಟಗಾಗುತ್ತದಂತೆ, ಅವನ ಹತ್ತಿರ ಹೋಗುತ್ತೇನೆ ಎಂದು ಮೇಷ್ಟ್ರಿಗೆ ಹೇಳಿಯೇಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಎದ್ದು ಟೋಪಿ ಹಾಕಿಕೊಂಡರು.

"ನಡಿ, ನಾನೂ ಬರ್ತೀನಿ" ಎಂದರು.

ತರಕಾರಿ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಹೋದೆವು. ಪೆಟ್ಟಿಗೆಯ ಹಿಂದೆ ಕೂತಿದ್ದ ಗಲ್ಲಮೀಸೆಯ ಆಸಾಮಿ ಸ್ಟೂಲು ಒರೆಸಿ ನನ್ನನ್ನು ಕರೆದ. ನಾನು ಕೂರುವ ಮೊದಲೇ ಮೇಷ್ಟ್ರು ಹೋಗಿ ಅದರ ಮೇಲೆ ಕೂತುಬಿಟ್ಟರು. "ಮೊದ್ಲು ನಂಗೆ ಹಾಕಪ್ಪ. ನಲವತ್ತು ವರ್ಷದಿಂದ ಕಾಯ್ತಿದೀನಿ" ಎಂದು ಬಲಗೆನ್ನೆ ಒಡ್ಡಿದರು. ಅವನು ಒದ್ದೆ ಬಟ್ಟೆ ಸುತ್ತಿದ ತಂತಿಯನ್ನು ಕೆನ್ನೆಗೆ ಒತ್ತಿ ಹಿಡಿ ತಿರುಗಿಸಿದ. ಕೆನ್ನೆ ಮಿಸುಕಲಿಲ್ಲ. "ಇನ್ನೂ ಜೋರಾಗಿ" ಎಂದರು. ತಿರುಗಿಸಿದ. "ಇನ್ನೂ." ಅವನಿಗೆ ಬೆವರು ಇಳಿಯಿತು, ಮೇಷ್ಟ್ರ ಕಣ್ಣಲ್ಲಿ ನೀರು ಬಂತು, ಕೆನ್ನೆ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು. ಕೆನ್ನೆ ಮಾತ್ರ ಎಳ್ಳಷ್ಟೂ ಅಲ್ಲಾಡಲಿಲ್ಲ. ನನಗೆ ನಿಂತು ನೋಡಲಾಗಲಿಲ್ಲ. ಸಾಕು ಮೇಷ್ಟ್ರೇ, ಏಳಿ ಎಂದು ಅವರ ಕೈ ಹಿಡಿದು ಎಳೆದೆ.

ಆಸಾಮಿ ಹೆದರಿ ತಂತಿ ಕೆಳಗಿಟ್ಟ. "ಸಾಮಿ, ಇದು ಸತ್ತೋಗೈತೆ" ಎಂದ.

ಮೇಷ್ಟ್ರು ನನ್ನ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ? ನಂದು ಸತ್ತಿದೆ. ನಿಂದು ಸತ್ತಿಲ್ಲ. ನಿನ್ನ ಜೊತೆ ಆಸ್ಪತ್ರೆಗೆ ಬಂದಿದ್ದಾಗ ಸಣ್ಣ ಕರೆಂಟಿಗೆ ನಿನ್ನ ಕೆನ್ನೆ ಅದುರಿದ್ದನ್ನ ನಾನು ನೋಡಿದೀನಿ. ಈಗ ಹೇಳು, ಕೂತ್ಕೋತೀಯಾ?"

ನಾನು ಕೂರಲಿಲ್ಲ. ವಾಪಸು ಬರುವ ದಾರಿಯಲ್ಲಿ ಅವರು ತಮ್ಮ ಕತೆ ಹೇಳಿದರು. ಜಗುಲಿಯಲ್ಲಿ ಎಂದೂ ಹೇಳದ ಕತೆ. ಹದಿನೆಂಟನೆಯ ವಯಸ್ಸಿನಲ್ಲಿ ಎತ್ತಿನಗಾಡಿಯ ಮೂಕಿಮರ ಕಿವಿಯ ಹಿಂದೆ ಬಡಿದು ಹೀಗಾಯಿತಂತೆ. ಎರಡೇ ತಿಂಗಳಲ್ಲಿ ಮನೆಯವರು ಊರಲ್ಲಿರುವ ವೈದ್ಯರನ್ನೆಲ್ಲ ಕರೆಸಿದರು. ಒಬ್ಬ ಸುಡುವ ಎಣ್ಣೆ ಉಜ್ಜಿದ, ಒಬ್ಬ ಕೆನ್ನೆಗೆ ಹೊಡೆದು ಎಬ್ಬಿಸಲು ನೋಡಿದ. ಕೊನೆಯವನು ಕಬ್ಬಿಣ ಕಾಯಿಸಿ ಕಿವಿಯ ಕೆಳಗೆ ಬರೆ ಹಾಕಿದ. ಅವರು ಕಿವಿಯ ಹಾಲೆ ಎತ್ತಿ ಆ ಕಲೆ ತೋರಿಸಿದರು.

"ಎಳೆ ಎಲ್ಲಿಂದ ಹೊರಗೆ ಬರ್ಬೇಕಿತ್ತೋ ಅಲ್ಲೇ ಸುಟ್ರು. ಪ್ರೀತಿಗೆ ಮಾಡಿದ್ದು ಕಣಯ್ಯಾ. ಬರೆ ಹಾಕ್ವಾಗ ನಮ್ಮಪ್ಪ ನನ್ನ ಕೈ ಹಿಡ್ಕೊಂಡು ಅಳ್ತಿದ್ದ. ಅಂಥೋರನ್ನ ಬಯ್ಯೋದಾದ್ರೂ ಹೆಂಗೆ? ಸುಮ್ನೆ ಬಿಟ್ಟಿದ್ರೆ ಬರ್ತಿತ್ತೋ ಏನೋ ಅಂತ ಆಸ್ಪತ್ರೆ ಸೇರಿದ್ಮೇಲೆ ದೊಡ್ಡ ಡಾಕ್ಟ್ರು ಒಬ್ರು ಹೇಳಿದ್ರು. ಏನೋ ಅಂದ್ರು. ಆ 'ಏನೋ' ಇಟ್ಕೊಂಡೇ ಇಷ್ಟು ವರ್ಷ ಕಳ್ದೆ."

ದಾರಿಯಲ್ಲಿ ಸಿಕ್ಕ ಬೆಣ್ಣೆ ಬಿಸ್ಕತ್ತಿನ ಅಂಗಡಿಯ ಮುಂದೆ ನಿಂತು, ಇವತ್ತು ಕರೆಂಟು ತಿಂದಿದ್ದೇನೆ, ಬಿಸ್ಕತ್ತೂ ತಿನ್ನಬೇಕು ಎಂದರು.

ಮರುದಿನ ನನ್ನನ್ನು ಕರೆದುಕೊಂಡು ನೇರವಾಗಿ ಹೆಡ್‌ಮಾಸ್ಟರ ಮನೆಗೆ ಹೋದರು. "ಸ್ವಾಮಿ, ಈ ಹುಡುಗನಿಗೆ ಬಾಯಿ ಇಲ್ಲ, ಕೈ ಇದೆ" ಎಂದು ಶುರು ಮಾಡಿದರು. ದಸರಾ ರಜದವರೆಗೆ ಇವನಿಗೆ ಜ್ಯಾಮಿತಿ ಕೊಡಿ, ಗೆರೆ ಎಳೆಯುವುದಕ್ಕೆ ತುಟಿ ಬೇಡ, ಬೋರ್ಡಿನ ಕಡೆ ತಿರುಗಿದರೆ ಮುಖವೂ ಬೇಡ, ಲೆಕ್ಕದ ಮೇಷ್ಟ್ರು ಅಷ್ಟು ದಿನ ಕನ್ನಡ ಓದಿಸಲಿ ಎಂದರು. ಹೆಡ್‌ಮಾಸ್ಟರು ಅವರ ಮುಖವನ್ನೂ ನನ್ನ ಮುಖವನ್ನೂ ಮತ್ತೆ ಮತ್ತೆ ನೋಡಿ, ನಗು ತಡೆಯಲಾಗದೆ ಒಪ್ಪಿಕೊಂಡರು. ಆದರೆ ಕರಾರು ಖಡಕ್ಕಾಗಿತ್ತು. ದಸರಾ ಕಳೆದ ಮೇಲೆ ನಾನು ಕ್ಲಾಸಿನಲ್ಲಿ ನಿಂತು ಹಿಂದಿನ ಬೆಂಚಿಗೆ ಕೇಳುವ ಹಾಗೆ ಪದ್ಯ ಓದಬೇಕು. ಆಗದಿದ್ದರೆ ನಾನಾಗಿಯೇ ಕೆಲಸ ಬಿಡಬೇಕು.

ಅಲ್ಲಿಂದ ಮೇಷ್ಟ್ರು ನಮ್ಮ ಮನೆಗೂ ಬಂದರು. ಅಜ್ಜಿಯ ಎದುರು ಕೈಮುಗಿದು ನಿಂತು, ನಿಮ್ಮ ಮೊಮ್ಮಗ ಇನ್ನು ಮೇಲೆ ಲೋಟ ಕಚ್ಚಿಯೇ ಕುಡಿಯಬೇಕು, ತುಟಿಗೆ ಅದೇ ಪಾಠ ಎಂದರು. ಅಜ್ಜಿ ಮೊದಲು ಕಿವಿ ಮುಚ್ಚಿಕೊಂಡಳು. ಆಮೇಲೆ ಯೋಚನೆ ಮಾಡಿ, ಅವನಿಗೆ ಬೇರೆ ಲೋಟ ಇರಲಿ, ಹಿತ್ತಲಲ್ಲಿ ಕೂತು ಕುಡಿಯಲಿ, ಅವನೇ ತೊಳೆದಿಡಲಿ ಎಂದಳು. ಒಂದು ವಾರ ಹಿತ್ತಲಲ್ಲಿ ಕುಡಿದೆ. ಎರಡನೆಯ ವಾರ ಅಜ್ಜಿ ತಾನೇ ಒಂದು ಮಣೆ ತಂದು ಎದುರು ಹಾಕಿಕೊಂಡು, "ಇವತ್ತು ಎಷ್ಟು ಚೆಲ್ತು?" ಎಂದು ಕೇಳುತ್ತ ಕೂರತೊಡಗಿದಳು.

ಜೂನ್, ಜುಲೈ, ಆಗಸ್ಟ್. ನಾನು ಬೋರ್ಡಿನ ಕಡೆ ಮುಖ ಮಾಡಿ ತ್ರಿಕೋನ ಬರೆದೆ. ಹುಡುಗರು ನಕ್ಕರು, ಒಂದು ತಿಂಗಳಾದ ಮೇಲೆ ಅವರಿಗೇ ಬೇಸರವಾಗಿ ಬಿಟ್ಟರು. ಕಾಫಿ ಚೆಲ್ಲುತ್ತಲೇ ಇತ್ತು. ಬಟ್ಟೆ ವ್ಯಾಪಾರಿಯ ಮುಖ ವಾಸಿಯಾಗಿ ಅವರು ಬರುವುದು ನಿಂತಿತು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಒಂದು ದಿನ ಕನ್ನಡಿಯನ್ನು ಕುಕ್ಕಿ ಇಟ್ಟು, ನನ್ನ ಕಣಗಳು ಸತ್ತಿವೆ, ನೀವು ಸುಮ್ಮನೆ ಸಮಾಧಾನ ಹೇಳುತ್ತಿದ್ದೀರಿ ಎಂದೆ. ಮೇಷ್ಟ್ರು ಕನ್ನಡಿ ಎತ್ತಿ ಬಿರುಕು ಬಿಟ್ಟಿದೆಯೇ ನೋಡಿ, ಒರೆಸಿ, ಮತ್ತೆ ನನ್ನ ಕೈಗೆ ಕೊಟ್ಟರು. "ಇರ್ಬಹುದು. ನಂಗೂ ಗೊತ್ತಿಲ್ಲ. ಗೊತ್ತಾಗೋವರೆಗೂ ಕೂತ್ಕೊ" ಎಂದರು. ಗೊತ್ತಿಲ್ಲ ಎಂದು ಒಪ್ಪಿಕೊಂಡ ವೈದ್ಯರನ್ನು ನಾನು ಅವರೊಬ್ಬರನ್ನೇ ನೋಡಿದ್ದು. ಅದಕ್ಕೇ ಕೂತೆ.

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಕೆನ್ನೆಯ ಒಳಗೆ ಏನೋ ಆಗುತ್ತಿದೆ ಎನ್ನಿಸತೊಡಗಿತು. ಎರಡು ಸಲ ಆಸೆಪಟ್ಟು ಕನ್ನಡಿ ನೋಡಿ ಪೆಚ್ಚಾಗಿದ್ದೆನಾದ್ದರಿಂದ ಯಾರಿಗೂ ಹೇಳಲಿಲ್ಲ. ದಸರಾ ರಜಕ್ಕೆ ಒಂದು ವಾರವಿತ್ತು. ಒಬ್ಬ ಹುಡುಗನನ್ನು ವೃತ್ತ ಬರೆಯಲು ಬೋರ್ಡಿಗೆ ಕರೆದೆ. ಅವನು ಬರೆದ ವೃತ್ತ ಪೂರಿಯ ಹಾಗೆ ಉಬ್ಬಿಕೊಂಡಿತ್ತು. ಇಡೀ ಕ್ಲಾಸು ನಕ್ಕಿತು, ಕೆನ್ನೆ ಹಿಡಿದುಕೊಳ್ಳುವುದನ್ನು ಮರೆತು ನಾನೂ ನಕ್ಕೆ. ಮುಂದಿನ ಬೆಂಚಿನವನು ಎದ್ದುನಿಂತು, "ಸಾರ್, ಈ ಕಡೇನೂ ನಕ್ರಿ" ಎಂದ. ಹುಡುಗರು ನಾನು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿ ನನ್ನ ಮುಖವನ್ನು ಗಮನಿಸುತ್ತಿದ್ದರೆಂದು ಕಾಣುತ್ತದೆ.

ಗಂಟೆ ಹೊಡೆದದ್ದೇ ಸೈಕಲ್ ಹತ್ತಿದೆ. ಮೇಷ್ಟ್ರು ನನ್ನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿದರು. ನಗು ಎಂದರು, ನಕ್ಕೆ. ತುಟಿಯ ಎಡತುದಿ ಅಕ್ಕಿಕಾಳಿನಷ್ಟು ಎದ್ದಿತು. ಹೆಂಡತಿಯನ್ನು ಕೂಗಿ ಕರೆದು ತೋರಿಸಿದರು. ಬಾಯಿಗೆ ನೀರು ತುಂಬಿಸಿ ಹಿಡಿದು ನಿಲ್ಲಿಸಿದರು, ಚೆಲ್ಲಲಿಲ್ಲ. 'ಪುಸ್ತಕ' ಹೇಳಿಸಿದರು. ನಿಧಾನವಾಗಿ ಬಂತು, ಆದರೆ ಪುಸ್ತಕವಾಗಿಯೇ ಬಂತು.

"ದಸರಾ ಮುಗಿಯೋ ಹೊತ್ತಿಗೆ ಪದ್ಯ ಓದ್ತೀಯ" ಎಂದರು. "ನಾಳೆಯಿಂದ ಇಲ್ಲಿಗೆ ಬರ್ಬೇಡ. ಮನೇಲೇ ಕನ್ನಡಿ ಹಿಡ್ಕೊಂಡು ಮಾಡು. ಕೆನ್ನೆಗೆ ಜೀವ ಬರದೇ ಇರೋರು ಇನ್ನೂ ಇಲ್ಲಿ ಕೂತಿದಾರೆ, ನಿನ್ನ ನೋಡಿದ್ರೆ ಅವ್ರಿಗೆ ಅವಸರ ಆಗುತ್ತೆ."

ಅದು ಸರಿಯೇ. ಆದರೂ ನನಗೆ ದುಃಖವಾಯಿತು. ಆರು ತಿಂಗಳಿಂದ ಯಾವ ದಿನಕ್ಕಾಗಿ ಹಾತೊರೆದಿದ್ದೆನೋ ಆ ದಿನವೇ ಆ ಜಗುಲಿಯಿಂದ ನನ್ನನ್ನು ಕಳಿಸುತ್ತಿದ್ದರು. ಕಾಲಿಗೆ ಬಿದ್ದೆ. ಸೈಕಲ್ ತೆಗೆದುಕೊಂಡು ಗೇಟು ದಾಟಿದೆ. ಆಗ ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿ ತಿರುಗಿದೆ. ಮೇಷ್ಟ್ರು ಜಗುಲಿಯಿಂದ ಇಳಿದು ರಸ್ತೆಗೇ ಬಂದಿದ್ದರು. ಒಳಗಿನವರಿಗೆ ಕೇಳಬಾರದೆಂಬಂತೆ ಹತ್ತಿರ ನಿಂತು ಕೇಳಿದರು.

"ಒಂದು ಮಾತು ಕೇಳ್ತೀನಿ, ನಗ್ಬೇಡ. ಅದು ಬಂತಲ್ಲ, ಆವಾಗ ಒಳಗೆ ಹೆಂಗಿತ್ತು?"

ಎಷ್ಟೋ ಜನರ ಮುಖಗಳನ್ನು ಕಾದವರು. ತಮ್ಮ ಕೆನ್ನೆಯಲ್ಲಿ ಅದು ಹೇಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಕನ್ನಡ ಮೇಷ್ಟ್ರು, ಆದರೂ ಮಾತು ಹುಡುಕಬೇಕಾಯಿತು. ಜೋಮು ಹಿಡಿದ ಕಾಲು ಬಿಟ್ಟುಕೊಳ್ಳುವಾಗ ಆಗುತ್ತದಲ್ಲ, ಮೊದಲು ಹಾಗೆ ಎಂದೆ. ಆಮೇಲೆ ಕೆನ್ನೆಯ ಒಳಗಿನಿಂದ ಯಾರೋ ಮೆಲ್ಲಗೆ ಬೆರಳು ಆಡಿಸಿದ ಹಾಗಾಯಿತು, ಆಮೇಲೆ ಆ ಬೆರಳು ನನ್ನದೇ ಎಂದು ಗೊತ್ತಾಯಿತು ಎಂದೆ. ಅವರು ಬಲಗೆನ್ನೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು.

"ಇನ್ನೊಂದ್ಸಲ ಹೇಳು" ಎಂದರು.

ನಾನು ಸೈಕಲ್ಲನ್ನು ಗೋಡೆಗೆ ಒರಗಿಸಿ, ಮೊದಲಿನಿಂದ ಮತ್ತೆ ಹೇಳಿದೆ.